ಕುಂಚಿಗಿ ಹುಮನಾಬಾದಿನಲ್ಲಿ, ಕೂಸು ಕಲ್ಯಾಣದಲ್ಲಿ

ನನ್ನ ಮೊಮ್ಮಗಳು ಬಸವಕಲ್ಯಾಣದಲ್ಲಿ, ನಮ್ಮ ಮನೆಯಲ್ಲೇ ಹುಟ್ಟಿದಳು. ಆಕೆಯ ತಲೆಗೆ ಕಟ್ಟುವ ಕುಂಚಿಗಿ, ಹೊದಿಸುವ ಕೌದಿ, ತೊಟ್ಟಿಲು ಎಲ್ಲಾ ಆ ಹೊತ್ತಿಗೆ ಹುಮನಾಬಾದಿನಲ್ಲಿದ್ದವು. ಕಳಿಸಿದವಳು ನಾನೇ.

(ಮೊಮ್ಮಗಳು ಅಂದೆನಲ್ಲ, ಇನ್ನೊಮ್ಮೆ ಅನ್ನಲೇ? ಮೊಮ್ಮಗಳು.)

ಮಗಳು ಸುಗುಣಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮೊದಲನೆಯ ಕೂಸು ಉಳಿದು ಕೈಗೆ ಹತ್ತಿರಲಿಲ್ಲ. ಅದಕ್ಕೇ ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ವಿಶ್ವಾಸದ ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತೆ. "ಸುಗುಣಾನ ಭಾರ ಪೂರಾ ದೇವರ ಮ್ಯಾಲ ಹಾಕೀನ್ರಿ" ಅಂದೆ. ಎಲ್ಲರೂ ಆಮೆನ್ ಅಂದರು. ಕೂತೆ. ಕೂತು, ತೊಟ್ಟಿಲಿಗೆ ಹಗ್ಗ ಸಾಲುತ್ತದೋ ಇಲ್ಲವೋ ಅಂತ ಯೋಚಿಸಿದೆ.

ದೇವರಿಗೆ ನೆರವಾಗಲಿ ಅಂತ ನಾನೂ ಒಂದಿಷ್ಟು ಮಾಡಿಟ್ಟಿದ್ದೆ. ಹುಮನಾಬಾದಿನ ದವಾಖಾನೆ, ಅದರ ಹಿಂದೆಯೇ ನನ್ನ ತಂಗಿಯ ಮನೆ, ಹೋಗಲು ಬಾಡಿಗೆಗೆ ಬಾಬುರಾವನ ಜೀಪು. ಜೀಪು ಕೈಕೊಟ್ಟರೆ ಇರಲಿ ಅಂತ ಒಂದು ಟೆಂಪೊ.

ನಮ್ಮ ಮನೆಯವರು ಕೇಳಿದರು, "ದೇವರಿಗೆ ಏನರ ಕೆಲಸ ಉಳಿಸೀದಿಯೋ ಇಲ್ಲೋ?"

"ನೀವು ಸುಮ್ನ ಕುಂದರ್ರಿ" ಅಂದೆ.

ಡಾಕ್ಟರಮ್ಮ ಹೇಳಿದ ದಿನಕ್ಕೆ ಇನ್ನೂ ವಾರವಿತ್ತು. ಜೀಪಿನ ತುಂಬ ಸಾಮಾನು ಇಟ್ಟರೆ ಸುಗುಣಾ ಕಾಲು ಚಾಚುವುದೆಲ್ಲಿ? ಸಾಮಾನನ್ನು ಮೊದಲೇ ತಂಗಿಯ ಮನೆಗೆ ಸಾಗಿಸಿಬಿಡುವುದು ಅಂತಾಯಿತು. ಪ್ಲಾನ್ ನನ್ನದೇ. (ಹುಟ್ಟುವ ಮುಂಚೆ ತೊಟ್ಟಿಲು ತರಬಾರದು ಅಂತ ಓಣಿಯವರು ಅಂದರು. ನಾವು ಅದನ್ನೆಲ್ಲ ನಂಬುವುದಿಲ್ಲ ಅಂದೆ. ಆದರೂ ಬಟ್ಟೆ ಮುಚ್ಚಿಯೇ ಕಳಿಸಿದೆ.)

ಸೋಮವಾರ ಸಾಮಾನು ಹೊತ್ತ ಜೀಪು ಓಣಿ ದಾಟಿತು. ಮನೆಯ ಒಳಗಿಂದ ಸುಗುಣಾ, "ಯವ್ವಾ, ಬ್ಯಾನಿ ಬರಾಕತ್ತದ" ಅಂದಳು.

ಬಿಸಿನೀರಿನ ಫ್ಲಾಸ್ಕ್ ಜೀಪಿನಲ್ಲಿ. ಹಳೆ ಸೀರೆಗಳು ಜೀಪಿನಲ್ಲಿ. ಮನೆಯವರೂ ಜೀಪಿನಲ್ಲಿ, ತೊಟ್ಟಿಲು ಹಿಡಿದುಕೊಂಡು. ಟೆಂಪೊ ಮಂಠಾಳದ ಮದುವೆಗೆ ಹೋಗಿತ್ತು.

"ಯವ್ವಾ, ಈ ಕೂಸರ ಉಳೀತದಲ್ಲ?"

ಇದಕ್ಕೆ ನಾನು ಏನೂ ಕಟ್ಟಿಟ್ಟಿರಲಿಲ್ಲ. ಎರಡೂ ಕೈ ಖಾಲಿ. ಮಗಳ ಕೈ ಹಿಡಿದೆ. ಸಾಕ್ಷಿಯಲ್ಲಿ ಆಡಿದ ಚಂದದ ಮಾತು ಒಂದೂ ನೆನಪಾಗಲಿಲ್ಲ. "ಯಪ್ಪಾ ದೇವರೇ, ನನ್ನ ಕೈಲಿ ಆಗಂಗಿಲ್ಲ. ನೀನೇ ನೋಡು" ಅಂದೆ. ಅಷ್ಟು ಸಣ್ಣ ಪ್ರಾರ್ಥನೆ ನಾನು ಜನ್ಮದಲ್ಲಿ ಮಾಡಿದ್ದಿಲ್ಲ.

ಆಗ ಹೆಪ್ಪಿಗೆ ಮಜ್ಜಿಗೆ ಕೇಳಲು ಪಕ್ಕದ ಮನೆಯ ಖಾಜಾಬಿ ಬಂದಳು. ನಮ್ಮನ್ನು ನೋಡಿ, ಬಟ್ಟಲು ಅಲ್ಲೇ ಇಟ್ಟು ಓಡಿದಳು. ಓಣಿಯ ತುದಿಯ ನರ್ಸಬಾಯಿಯನ್ನು ಕರೆತಂದಳು. ನರ್ಸಬಾಯಿಗೆ ಅಂದು ರಜೆ. ಆ ರಜೆ ನಾನು ಹೇಳಿ ಹಾಕಿಸಿದ್ದಲ್ಲ. ಖಾಜಾಬಿಯ ಹಾಲು ಹೆಪ್ಪಿಲ್ಲದೆ ಉಳಿದದ್ದೂ ನನ್ನ ಪ್ಲಾನಲ್ಲ.

ಮೊಮ್ಮಗಳು ಹುಟ್ಟಿದಳು. ಅತ್ತಳು. ಎಂಥ ಅಳು ಅಂತೀರಿ, ಓಣಿಯ ಕೋಳಿಗಳೆಲ್ಲ ಗೋಡೆ ಹತ್ತಿದವು. ಖಾಜಾಬಿ ತನ್ನ ಒಗೆದಿಟ್ಟ ಓಢಣಿ ತಂದು ಸುತ್ತಿ ಕೊಟ್ಟಳು. "ತೊಗೊ ಅಕ್ಕಾ. ತಿಂಗಳಿಂದ ಭಾಳ ತಯಾರಿ ನಡಿಸಿದ್ದಿಯಲ್ಲ, ಎಲ್ಲಿ ಅದ?"

ಸಂಜೆ ಮನೆಯವರು ಜೀಪಿನಿಂದ ಇಳಿದರು. "ತೊಟ್ಟಿಲ ಕಟ್ಟಿಸಿ ಬಂದೀನಿ. ಇನ್ನ ನೀ ನಿಶ್ಚಿಂತಿ ಇರು" ಅಂದರು. ಒಳಗೆ ಕೂಸು ಅತ್ತಿತು.

"ಯಾರ ಕೂಸದು?"

"ನೀವು ಕೇಳಿದ್ರಲ್ಲ, ದೇವರಿಗೆ ಉಳಿಸಿದ ಕೆಲಸ. ಅದು" ಅಂದೆ.

ಜೀಪು ಗೊತ್ತುಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಮಾಡಬೇಕು, ದವಾಖಾನೆಗೂ ಹೋಗಬೇಕು. ಆದರೆ ಭಾರ ದೇವರ ಮೇಲೆ ಹಾಕಿದೆ ಅಂದಮೇಲೂ, ಆ ಗಂಟಿನ ಒಂದು ತುದಿಯನ್ನು ನಾವು ಬಿಗಿಯಾಗಿ ಹಿಡಿದುಕೊಂಡೇ ಇರುತ್ತೇವಲ್ಲ, ಯಾಕೆ?