ಹಮೀದಾ ಬೇಗಂ ಮುಖಕ್ಕೊಂದು ಕಾರ್ಡು

ಶಿಡ್ಲಘಟ್ಟದ ಮುಖ್ತಾರ್ ಸಾಹೇಬರು ನಲವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದವರು. ಕೊಂಡ ಗೂಡನ್ನು ಒಂದು ದಿನವೂ ಹೆಚ್ಚಿಗೆ ಇಟ್ಟುಕೊಂಡವರಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿದರೆ ನೂಲು ಬರುವುದಿಲ್ಲ.

ತೀರಿಹೋದ ಹೆಂಡತಿ ಹಮೀದಾ ಬೇಗಂ ಕಾಣುವ ಒಂದೇ ಒಂದು ಹಳೆಯ ಮದುವೆ ವಿಡಿಯೊ ಕ್ಯಾಸೆಟ್ಟನ್ನು ಅವರು ನನ್ನ ಸ್ಟುಡಿಯೋಗೆ ತಂದರು. ಮುಖವೆಲ್ಲ ಮಸುಕು.

"ಸರಿ ಮಾಡ್ಬೋದು ಸಾಬ್ರೇ. ಆದ್ರೆ ಚಿತ್ರ ತಿದ್ದೋಕೆ ನನ್ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕು. ಅದನ್ನ ಮಾಡೋ ಎರಡು ಕಂಪನಿ ಪೈಪೋಟಿಗೆ ಬಿದ್ದವೆ, ರೇಟು ಇಳಿಯುತ್ತೆ. ಸ್ವಲ್ಪ ತಡೀರಿ," ಎಂದೆ.

"ಗೂಡಿನ ಹರಾಜಲ್ಲಿ ಕೊಳ್ಳೋರು ಪೈಪೋಟಿಗೆ ಬಿದ್ರೆ ಏರುತ್ತೆ. ಮಾರೋರು ಬಿದ್ರೆ ಇಳೀಲೇಬೇಕಲ್ಲಪ್ಪ," ಎಂದು ಅವರೂ ಒಪ್ಪಿದರು.

ಒಂದು ಕಂಪನಿ ಹೊಸ ಕಾರ್ಡು ಬಿಟ್ಟಿತು. ಇನ್ನೊಂದು ಏನು ಬಿಡುತ್ತದೋ ನೋಡೋಣವೆಂದು ಕಾದೆ. ಅದೂ ಬಂತು, ಇನ್ನಷ್ಟು ಇಳಿಯಲಿ ಎಂದೆ. ಎಂಥ ಜಾಣ ನಾನು! ಅಷ್ಟರಲ್ಲಿ ಕಾರ್ಡಿಗೆ ಹಾಕುವ ಮೆಮೊರಿ ಚಿಪ್ಪಿಗೆ ಬರ ಬಂದು ಕಾರ್ಡಿನ ಬೆಲೆ ಗಗನಕ್ಕೇರಿತು. ಪ್ರತಿ ಶುಕ್ರವಾರ ನಮಾಜು ಮುಗಿಸಿ ವಿಚಾರಿಸಲು ಬರುತ್ತಿದ್ದ ಸಾಹೇಬರು ಈಗ ಗೋಡೆ ಸವರಿಕೊಂಡು ಬರತೊಡಗಿದ್ದರು. ಸಕ್ಕರೆ ಕಾಯಿಲೆ ಕಣ್ಣನ್ನು ತಿಂದಿತ್ತು.

ಕೊನೆಗೆ ಮೊದಲಿಗಿಂತ ಹೆಚ್ಚು ಕೊಟ್ಟೇ ಕಾರ್ಡು ತಂದೆ. ತೆರೆಯ ಮೇಲೆ ಹಮೀದಾ ಬೇಗಂ ನಕ್ಕರು. ಮೂಗುತಿಯ ಹರಳು ಕೂಡ ಸ್ಪಷ್ಟವಾಗಿತ್ತು.

"ಬಂದ್ಲಾ?" ಎಂದು ಸಾಹೇಬರು ಕೇಳಿದರು.

"ಬಂದ್ರು ಸಾಬ್ರೇ. ನಗ್ತಾವ್ರೆ."

ಗೂಡು ಬೇಯಿಸುವ ಬಿಸಿನೀರಲ್ಲಿ ಬೆಂದು ಸುಕ್ಕಾದ ಬೆರಳುಗಳಿಂದ ಅವರು ತೆರೆಯನ್ನು ಸವರಿದರು. ಗಾಜು ನುಣ್ಣಗಿತ್ತು.

"ಗೂಡನ್ನ ಒಂದಿನಾನೂ ಜಾಸ್ತಿ ಇಟ್ಕೊಂಡೋನಲ್ಲಪ್ಪ ನಾನು," ಎಂದರು.