ಗಾಡಿ ಮುಂದ ಬಂದು ನಿಂತ ಹಿಂಡು

ಗಾಡ್ಯಾಗ ದೆವ್ವ ಇರಲಿಲ್ಲ, ಉಣ್ಣಿ ಇತ್ತು. ಇಂಜಿನ್ನಿಗೆ ಗಾಳಿ ಹೋಗೂ ಸಣ್ಣ ದಾರ್ಯಾಗ ಕಂಬಳಿ ನೇಯೂ ಕುರಿ ತುಪ್ಪಟದ ಉಣ್ಣಿ ಸಿಕ್ಕೊಂಡಿತ್ತು, ತಗದ್ವಿ, ಗಾಡಿ ನೆಟ್ಟಗಾತು. ಕೇಳಿದವ್ರಿಗೆಲ್ಲಾ ನಾ ಇಷ್ಟ ಹೇಳತೇನಿ, ಇದು ಖರೇನೂ ಐತಿ. ಆದ್ರ ಉಣ್ಣಿ ತಗದಮ್ಯಾಲೂ ಒಂದು ಮಾತು ಉಳದೈತಿ. ಅದಕ್ಕ ಬರಿಯಾಕ ಕುಂತೇನಿ.

ದೆವ್ವ ಭೂತ ಇಂಥಾವನ್ನ ನಾ ಎಂದೂ ನಂಬಿದಾಕಿ ಅಲ್ಲ. ಹುಟ್ಟಿದಾಗಿಂದ ಕುರಿ ಬೆನ್ನ ಹತ್ತಿ ಅಡವ್ಯಾಗ ಮಲಗಿದ ಮಂದಿ ನಾವು. ಕತ್ತಲದಾಗ ಸಪ್ಪಳಾತಂದ್ರ ಒಂದು ತೋಳ ಇರತೈತಿ, ಇಲ್ಲಾ ಕಳ್ಳ ಇರತಾನ. ಮೂರನೇದ್ದು ನಾ ಕಂಡಿಲ್ಲ. ಕಂಡೇನಿ ಅಂದವ್ರಿಗೆ ಮೊದಲ ನೀರು ಕುಡಿ ಅಂತಿದ್ದೆ.

ನಮ್ಮೂರು ತುಕ್ಕಾನಟ್ಟಿ. ನಮ್ಮ ಮನಿಯವರು ಅರ್ಧ ಹಿಂಡು ಮಾರಿ ಒಂದು ಕಾರು ತಂದಿದ್ರು. ಪೆಟ್ರೋಲ್ ತಂತಾನ ಅಳತಿ ಮಾಡಿ ಚಿಮ್ಮೂ ಇಂಜೆಕ್ಷನ್ ಗಾಡಿ, ಅವಾಗ ಸುತ್ತ ಹಳ್ಯಾಗ ಯಾರ ಹಂತೇಕೂ ಇರಲಿಲ್ಲ. ಅವರು ತೀರಿಕೊಂಡಮ್ಯಾಲೆ ಅದು ಕುರಿ ದೊಡ್ಡಿ ಬಾಜೂಕಿನ ತಗಡಿನ ಶೆಡ್ಡಿನ್ಯಾಗ ಒಂಬತ್ತು ವರ್ಷ ನಿಂತತು. ಧೂಳು ಕುಂದರಬಾರದು ಅಂತ ನಾನ ಬಾನೆಟ್ ಎತ್ತಿ, ಇಂಜಿನ್ ಮ್ಯಾಲೆ ಅವರ ಕರೀ ಕಂಬಳಿ ಹೊಚ್ಚಿ ಮುಚ್ಚಿದ್ದೆ. ಮಳ್ಯಾಗ ಈದ ಕುರಿಗೆ ಕಂಬಳಿ ಹೊಚ್ಚತೇವಿ, ಕೂಸಿಗೆ ಹೊಚ್ಚತೇವಿ, ದೇವರಿಗೂ ಕಂಬಳಿನ ಹಾಸತೇವಿ. ಕಂಬಳಿಯಿಂದ ಕೇಡಾಗತೈತಿ ಅಂತ ಕುರುಬರ ಮನ್ಯಾಗ ಯಾರಿಗೆ ಹೊಳೀಬೇಕು?

ಮೂರು ವರ್ಷದ ಹಿಂದ ಆ ಗಾಡಿ ಬೇಕಾಗಿದ್ದು ನನ್ನ ಮೊಮ್ಮಗಳು ಸವಿತಾಗ. ಆಕಿ ಗೋಕಾಕದ ಒಂದು ದವಾಖಾನ್ಯಾಗ ನರ್ಸ್. ಮುಂಜಾನೆ ಆರರ ಪಾಳಿ ಹಾಕಿದ್ರು, ಅಷ್ಟೊತ್ತಿಗೆ ನಮ್ಮೂರಿಂದ ಬಸ್ ಇಲ್ಲ. ಎರಡು ಸರ್ತಿ ತಡಾ ಆತು. ಸೋಮವಾರದಿಂದ ವ್ಯಾಳ್ಯಾಕ ಬರೂದಾದ್ರ ಬಾ, ಇಲ್ಲಂದ್ರ ಬ್ಯಾರೇದವ್ರನ್ನ ತಗೋತೇವಿ ಅಂದ್ರು. ಗೋಕಾಕದಾಗ ರೂಮ್ ಮಾಡಿ ಇರಾಕ ಆಕಿ ಅಪ್ಪ, ಅಂದ್ರ ನನ್ನ ಮಗ, ಒಪ್ಪವಲ್ಲ. ಆಕಿಗೆ ಕಾರು ಹೊಡಿಯಾಕ ಬರತಿತ್ತು. ಗಾಡಿ ಓಡಿದ್ರ ನೌಕರಿ, ಇಲ್ಲಂದ್ರ ಮನಿ.

ಯಮಕನಮರಡಿ ಹೈವೇದಾಗ ಗ್ಯಾರೇಜ್ ಇಟ್ಟ ಅಶೋಕ ಮಿಸ್ತ್ರಿನ್ನ ಕರಸಿದ್ವಿ. ಬಾನೆಟ್ ಎತ್ತಿದಾಂವ, ಇಲಿ ಕಡದು ಚಿಂದಿ ಮಾಡಿದ ಕಂಬಳಿನ್ನ ಎರಡು ಬೆರಳಿನ್ಯಾಗ ಹಿಡದು ಎತ್ತಿದ.

“ಆಯೀ, ಇಂಜಿನ್ನಿಗೆ ಥಂಡಿ ಹತ್ತಿತ್ತೇನ್ರಿ?”

“ಬಾಯಿ ಮುಚ್ಚಿ ಸ್ಪ್ಯಾನರ್ ಹಿಡಿ,” ಅಂದೆ.

ಎರಡು ದಿನ ದುಡದ. ಇಲಿ ಗೂಡು ತಗದ. ವಾರ್ನಿಶ್ ವಾಸನಿ ಹೊಡಿಯೂ ಹಳೇ ಪೆಟ್ರೋಲ್ ಚೆಲ್ಲಿ ಹೊಸಾದು ಹಾಕಿದ. ಫಿಲ್ಟರ್ ಬದಲ ಮಾಡಿದ, ಪೆಟ್ರೋಲ್ ಚಿಮ್ಮೂ ಇಂಜೆಕ್ಟರ್ ಬಿಚ್ಚಿ ಹುಕ್ಕೇರಿಗೆ ಒಯ್ದು ತೊಳಸಿ ತಂದ. ಗಾಡಿ ಶುರುವಾತು. ಆದ್ರ ರೇಸ್ ಮ್ಯಾಲಿನ ಕಾಲ ತಗದ್ರ ನಿಂತಲ್ಲೆ ಸಣ್ಣಗ ಓಡವಲ್ದು. ಸಪ್ಪಳ ಏರೂದು, ಇಳಿಯೂದು, ಆಮ್ಯಾಲೆ ಗಪ್. ಎದುರು ಲಾರಿ ಬಂದಾಗ ನಡು ದಾರ್ಯಾಗ ಹಂಗ ಬಂದ್ ಆದ್ರ ಹುಡುಗಿ ಜೀವಾನ ಹೋಗತೈತಿ. ಎಲ್ಲೋ ಕಳ್ಳಗಾಳಿ ಎಳೀತೈತಿ ಅಂತ ಸೀಳಿದ ರಬ್ಬರ್ ಪೈಪ್ ಎರಡು ಬದಲ ಮಾಡಿದ. ಆದ್ರೂ ಅದ ಹಾಡು.

ರವಿವಾರ ಮಧ್ಯಾಹ್ನ. ಗಾಡಿ ಅಂಗಳದಾಗ ನಿಂತಿತ್ತು. ಸವಿತಾ ಸ್ಟೇರಿಂಗ್ ಮುಂದ ಕುಂತು ಉಗುರು ಕಡ್ಯಾಕತ್ತಿದ್ಲು. ದೊಡ್ಡ್ಯಾಗ ಹಿಂಡು ಮೆಲಕ ಹಾಕ್ಕೋತ ಮಲಗಿತ್ತು, ಬಾಗಲಾ ತಗದಿತ್ತು. ಮಿಸ್ತ್ರಿ ಮತ್ತ ಚಾಲು ಮಾಡ ಅಂದ. ಇಂಜಿನ್ ಎರಡು ಸರ್ತಿ ಉದ್ದಕ ಏರಿ ಇಳೀತು, ಮೂರನೇ ಸರ್ತಿ ಗಿಡ್ಡಕ ಏರಿ ಗಪ್ಪಾತು. ಮತ್ತ ಚಾಲು ಮಾಡಿದ್ಲು. ಮತ್ತ ಎರಡು ಉದ್ದ, ಒಂದು ಗಿಡ್ಡ.

ಮಲಗಿದ ಕುರಿ ಎಲ್ಲಾವೂ ಒಮ್ಮೆಲೆ ಎದ್ದು ನಿಂತವು. ಓಡಲಿಲ್ಲ, ಒದರಲಿಲ್ಲ. ಸಾವಕಾಶ ಹೊರಗ ಬಂದು, ಗಾಡಿ ಮೂತಿ ಮುಂದ ಅರ್ಧ ಚಕ್ಕರ ಕಟ್ಟಿ ನಿಂತವು. ಇಂಜಿನ್ ಸಪ್ಪಳಕ್ಕ ಕುರಿ ಚದರತಾವು, ಹಿಂಗ ಹತ್ರ ಬರೂದಿಲ್ಲ.

ಎರಡು ಉದ್ದ, ಒಂದು ಗಿಡ್ಡ. ಅದು ನಮ್ಮ ಮನಿಯವರು ಹಿಂಡು ಕರಿಯೂ ಕೂಗು. ಪ್ರತಿ ಕುರುಬಂದೂ ಒಂದೊಂದು ಕೂಗು ಇರತೈತಿ, ಅವನ ಹಿಂಡಿಗೆ ಅದಷ್ಟ ಗುರ್ತು. ಆದ್ರ ಅವರ ಉಳದ ಅರ್ಧ ಹಿಂಡೂ ಮಾರಿ ಯಾವಾಗೋ ಮುಗದಿತ್ತು. ಅಲ್ಲಿ ನಿಂತಾವೆಲ್ಲಾ ಅವರು ಹೋದಮ್ಯಾಲೆ ಹುಟ್ಟಿದಾವು. ಇವನ್ನ ನನ್ನ ಮಗ ಸೀಟಿ ಊದಿ ಕರೀತಾನ. ನಾ ಸೆರಗು ಬಿಗಿ ಮಾಡಿ ನಿಂತೆ.

ಒಂದು ಕರೀ ಕುರಿ ಮುಂದ ಬಂದು, ಮುಂಗಾಲು ಬಂಪರ್ ಮ್ಯಾಲೆ ಇಟ್ಟು, ಬಾನೆಟ್ಟಿನ್ಯಾಗ ಮೂಗು ತೂರಿಸಿ ಒಂದ ಜಾಗಾ ಮೂಸಾಕ ಹತ್ತಿತು. ಹೊಡಿಯಾಕ ಕೈ ಎತ್ತಿದ ಮಿಸ್ತ್ರಿ ಅಲ್ಲೇ ನಿಂತ. ಕುರಿ ಸರಿಸಿ, ಅಲ್ಲಿದ್ದ ಗಾಳಿ ವಾಲ್ವ್ ಬಿಚ್ಚಿದ. ಅದರ ಹಿಂದಿನ ಕಿಂಡ್ಯಾಗಿಂದ ತಂತಿಲೆ ಕೆದರಿ ಕೆದರಿ ಇಲಿ ತುರುಕಿದ ಕಂಬಳಿದು ಒಂದು ಹಿಡಿ ಕರೀ ಉಣ್ಣಿ ತಗದ. ಮತ್ತ ಕುಂದರಿಸಿ ಚಾಲು ಮಾಡಿಸಿದ. ಗಾಡಿ ಬೆಕ್ಕಿನ ಗತೆ ಸಣ್ಣಗ ಓಡಾಕ ಹತ್ತಿತು. ಸವಿತಾ ಅಳೂದೊಂದು ಬಾಕಿ. ಕುರಿ ತಿರಿಗಿ ದೊಡ್ಡಿಗೆ ಹೋಗಿ ಮಲಗಿದವು.

“ಉಣ್ಣಿ ವಾಸನಿಗೆ ಬಂದಾವ್ರಿ ಆಯೀ,” ಅಂದ ಮಿಸ್ತ್ರಿ.

“ಆ ಉಣ್ಣಿ ಒಂಬತ್ತು ವರ್ಷ ದೊಡ್ಡಿ ಬಾಜೂಕ ಇತ್ತಲ್ಲೋ. ಇವತ್ತ ವಾಸನಿ ಹೊಡೀತೇನ? ಮತ್ತ ತುಂಬು.”

“ಏನ್ರಿ?”

“ಉಣ್ಣಿ ಮತ್ತ ಆ ಕಿಂಡ್ಯಾಗ ತುಂಬು. ಗಾಡಿ ಕೆಡಸು. ನೋಡೂಣು.”

“ಆಯಿ, ನಿನಗ ಹುಚ್ಚ ಹಿಡದೈತಿ!” ಅಂತ ಸವಿತಾ ಒಳಗಿಂದ ಚೀರಿದ್ಲು. ಆದ್ರೂ ಮಿಸ್ತ್ರಿ ತುಂಬಿದ, ಅವಗೂ ನೋಡಬೇಕಾಗಿತ್ತು. ಅದ ಉಣ್ಣಿ, ಅದ ಕಿಂಡಿ. ಎರಡು ಉದ್ದ, ಒಂದು ಗಿಡ್ಡ, ಗಪ್. ನಾಕು ಸರ್ತಿ ಮಾಡಿಸಿದೆ. ಒಂದು ಕುರಿನೂ ಕಿವಿ ಅಲಗಿಸಲಿಲ್ಲ.

ಮಿಸ್ತ್ರಿ ಉಣ್ಣಿ ತಗದು, ಗಾಡಿ ನೆಟ್ಟಗ ಮಾಡಿ, ಚಾ ಕುಡೀಲಾರದ ಹೋದ. ನಾ ಇವತ್ತಿಗೂ ಲೆಕ್ಕ ಹಾಕತೇನಿ. ಸಪ್ಪಳಕ್ಕ ಬಂದಿದ್ರ ಎರಡನೇ ಸರ್ತಿನೂ ಬರಬೇಕಾಗಿತ್ತು. ವಾಸನಿಗೆ ಬಂದಿದ್ರ ಮೊದಲ ಬರಬೇಕಾಗಿತ್ತು. ಮೂರನೇದ್ದು ನನಗ ಗೊತ್ತಿಲ್ಲ, ಗೊತ್ತೈತಿ ಅಂತ ಸುಳ್ಳು ಹೇಳಾಕ ನನಗ ಮನಸಿಲ್ಲ.

ಮರುದಿನ ಐದಕ್ಕ ಸವಿತಾ ಗಾಡಿ ತಗದಾಗ ನಾ ಕೇಳಲಾರದ ಬಾಜೂ ಸೀಟಿಗೆ ಹತ್ತಿದೆ.

“ನೀ ಎತ್ತಾಗ ಆಯಿ?”

“ಗೋಕಾಕಕ್ಕ. ನಡಿ, ವ್ಯಾಳ್ಯಾ ಆಗತೈತಿ.”

ದಾರ್ಯಾಗ ಕಬ್ಬಿನ ಟ್ರ್ಯಾಕ್ಟರ್ ಅಡ್ಡಾಗಿ ಹತ್ತು ನಿಮಿಷ ನಿಲ್ಲಬೇಕಾತು. ಗಾಡಿ ಬಂದ್ ಆಗಲಿಲ್ಲ. ನಾ ಇಂಜಿನ್ ಸಪ್ಪಳಾನ ಕೇಳಕೋತ ಕುಂತಿದ್ದೆ. ಆರಕ್ಕ ಹತ್ತು ನಿಮಿಷ ಇರೂವಾಗ ಆಕಿ ಗಾಡಿ ನಿಲ್ಲಿಸಿ ಓಡಿದ್ಲು. ದವಾಖಾನಿ ಗೇಟಿನಾಂವ ಬಂದು, “ಆಯೀ, ಈ ಗಾಡಿ ತಗಸ್ರಿ, ಡ್ರೈವರ್ ಎಲ್ಲದಾನ?” ಅಂದ.

“ಡ್ರೈವರ್ ಒಳಗ ಡ್ಯೂಟಿ ಮ್ಯಾಲದಾಳ. ಎರಡಕ್ಕ ಬರತಾಳ, ಅಲ್ಲೀತನಕ ತಡಕೋ ತಮ್ಮಾ,” ಅಂದು ನಾ ಊರಿನ ಬಸ್ ಹಿಡಿಯಾಕ ಬಸ್ ಸ್ಟ್ಯಾಂಡ್ ಕಡೆ ನಡದೆ.