ಪ್ರತಿ ಗದ್ದೆಗೂ ತಾತನ ಹೆಸರು

ನಮ್ಮ ಕಡೆ ಬರೀ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇಂಥವರ ಮಗ, ಇಂಥವರ ಮೊಮ್ಮಗ ಎಂದು ಎರಡು ತಲೆಮಾರು ಮೇಲಕ್ಕೆ ಹತ್ತಿಸಿದ ಮೇಲೆಯೇ "ಓ, ಅವ್ನಾ" ಎನ್ನುತ್ತಾರೆ. ನನಗೆ ಮಾತು ಕಲಿಸಿದ ಅಜ್ಜಿಯಂತೂ ಯಾರ ಮನೆಯದು ಎಂದು ಸೇರಿಸದೆ ನಾಯಿಯನ್ನೂ ಕರೆದವಳಲ್ಲ. ಆ ಅಭ್ಯಾಸ ನಾನು ಬರೆದ ಪ್ರೋಗ್ರಾಮಿಗೂ ಹತ್ತಿತ್ತು. ಅದು ಗೊತ್ತಾಗಲು ಒಂದು ಶನಿವಾರ ಬೇಕಾಯಿತು.

ನಮ್ಮೂರು ವೈದ್ಯನಾಥಪುರದಿಂದ ಆಚೆ, ನಾಲೆಯ ಕೊನೆ ಭಾಗದಲ್ಲಿದೆ. ನೀರು ಬಿಟ್ಟಾಗ ಗದ್ದೆಗಳಿಗೆ ಸರದಿ ಇರುತ್ತದೆ. ಯಾರ ಸರದಿ ಯಾವಾಗ ಎಂದು ಮನೆಮನೆಗೆ ಹೋಗಿ ಹೇಳಿ, ತೂಬು ತಿರುಗಿಸುವುದು ನೀರುಗಂಟಿಯ ಕೆಲಸ. ನಮ್ಮ ನೀರುಗಂಟಿಗೆ ವಯಸ್ಸಾಗಿದೆ, ಎರಡೂ ಮಂಡಿ ಸವೆದಿವೆ. ಊರಿನ ಜೊತೆಗೆ ಮೂರು ಕೊಪ್ಪಲುಗಳನ್ನೂ ಅವರು ಸುತ್ತಬೇಕು.

ನಾನು ಮಂಡ್ಯದ ಒಂದು ಸಣ್ಣ ಕಚೇರಿಯಲ್ಲಿ ವೆಬ್‌ಸೈಟು ಕಟ್ಟುವವಳು. ಸರದಿಯ ಪಟ್ಟಿ ಎಲ್ಲರ ಫೋನಿನಲ್ಲೂ ಕಾಣುವಂತೆ ಮಾಡಿಕೊಡುತ್ತೇನೆಂದು ನಾನಾಗಿಯೇ ಹೇಳಿದ್ದೆ. ನೀರು ಬಳಕೆದಾರರ ಸಂಘದ ಅಧ್ಯಕ್ಷರು ಒಂದು ಷರತ್ತು ಹಾಕಿದ್ದರು. ಭಾನುವಾರದ ಸಭೆಯಲ್ಲಿ ಎಲ್ಲರೆದುರು ತೆಗೆದು ತೋರಿಸಬೇಕು. ಅದು ತಡವರಿಸಿದರೆ ಈ ಬೆಳೆಗೂ ನೀರುಗಂಟಿಯೇ ನಡೆಯುತ್ತಾರೆ.

ಶನಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಇನ್ನೂ ಇಂಟರ್‌ನೆಟ್ಟಿಗೆ ಏರಿಸಿರಲಿಲ್ಲ. ಎಲ್ಲ ಆ ಒಂದು ಯಂತ್ರದೊಳಗೇ ಓಡುತ್ತಿತ್ತು. ಪರೀಕ್ಷೆಗೆಂದು ಐದು ಸುಳ್ಳು ಗದ್ದೆ ಹಾಕಿದ್ದಾಗ ಪುಟ ಥಟ್ಟನೆ ಬಂದಿತ್ತು. ಊರಿನ ಗದ್ದೆಗಳನ್ನೆಲ್ಲ ತುಂಬಿದ ಮೇಲೆ ಮೊದಲ ಸಲ ತೆರೆದೆ. ನೋಡಲೆಂದು ಬಂದು ಪಕ್ಕದಲ್ಲಿ ಕೂತಿದ್ದ ನೀರುಗಂಟಿ ಎಲೆಗೆ ಸುಣ್ಣ ಸವರಿದರು, ಅಡಿಕೆ ಇಟ್ಟರು, ಮಡಚಿ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. ಪುಟ ಬರಲಿಲ್ಲ.

"ಏನವ್ವ, ಇದ್ಕೂ ಮಂಡಿನೋವಾ?"

"ಲ್ಯಾಪ್‌ಟಾಪ್ ಹಳೇದು ಕಣಣ್ಣ."

"ನಾನೂ ಹಳಬನೇ ಕಣವ್ವ. ಇಷ್ಟೊತ್ಗೆ ಒಂದ್ ಕೊಪ್ಪಲು ಸುತ್ತಾಕ್ಕಂಡ್ ಬತ್ತಿದ್ದೆ."

ಯಂತ್ರದ ಮೇಲೆ ತಪ್ಪು ಹೊರಿಸುವುದು ನಮ್ಮ ಕಸುಬಿನಲ್ಲಿ ಮೊದಲ ಸುಳ್ಳು. ಎರಡನೆಯದಾಗಿ ಗದ್ದೆಗಳ ನಕ್ಷೆಯ ಚಿತ್ರದ ಮೇಲೆ ಅನುಮಾನಪಟ್ಟೆ, ಅದು ಭಾರಿ ದೊಡ್ಡದು. ಅದನ್ನು ಚಿಕ್ಕದು ಮಾಡಿ ಒಂದು ಗಂಟೆ ಕಳೆದೆ. ಪುಟ ಹಾಗೇ ತೆವಳಿತು. ಆಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಪುಟದ ಯಾವ ಭಾಗಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಪಟ್ಟಿ ಬ್ರೌಸರಿನಲ್ಲೇ ಇರುತ್ತದೆ. ಅದನ್ನು ತೆರೆದೆ. ನಕ್ಷೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದಿತ್ತು. ಉಳಿದ ಹೊತ್ತೆಲ್ಲ ನನ್ನ ಪ್ರೋಗ್ರಾಮು ಉತ್ತರ ಕೊಡಲಿ ಎಂದು ಕಾಯುವುದರಲ್ಲೇ ಹೋಗಿತ್ತು.

ಪ್ರೋಗ್ರಾಮು ಮಾಹಿತಿಯ ಉಗ್ರಾಣಕ್ಕೆ ಏನೇನು ಕೇಳುತ್ತಿದೆ ಎಂಬುದನ್ನು ಪರದೆಯ ಮೇಲೆ ಹರಿಯಬಿಟ್ಟೆ. ಸಾಲುಗಳು ಸುರಿದವು. ನೀರುಗಂಟಿಗೆ ಓದಲು ಬಾರದು. ಆದರೂ ಅವರೇ ಮೊದಲು ಕಂಡರು.

"ಎಲ್ಲಾ ಒಂದೇ ತರ ಅವೆಯಲ್ಲವ್ವ. ಕೇಳಿದ್ದೇ ಕೇಳ್ತಾ ಕೂತದಾ?"

ಹೌದು. ಒಂದು ಗದ್ದೆ ಕಂಡೊಡನೆ ಇದು ಯಾರದು ಎಂದು ಕೇಳುವುದು. ಉತ್ತರ ಬಂದ ಮೇಲೆ ಅವನ ಅಪ್ಪ ಯಾರು ಎಂದು ಮತ್ತೆ ಹೋಗಿ ಕೇಳುವುದು, ಆಮೇಲೆ ತಾತ. ಮುಂದಿನ ಗದ್ದೆ ಅದೇ ಮನೆಯ ತಮ್ಮನದಾದರೂ ಅದೇ ಅಪ್ಪನನ್ನು, ಅದೇ ತಾತನನ್ನು ಹೊಸದಾಗಿ ವಿಚಾರಿಸುವುದು. ಐದು ಸುಳ್ಳು ಗದ್ದೆಗಳಿಗೆ ನಾನು ತಾತಂದಿರನ್ನೇ ಕೊಟ್ಟಿರಲಿಲ್ಲ.

ನೀರುಗಂಟಿಗೆ ಬಿಡಿಸಿ ಹೇಳಿದೆ. ಅವರು ಎಲೆ ಉಗಿದು ಬಂದು ನಕ್ಕರು. "ನಾನು ಒಂದೊಂದ್ ಮನೆಗ್ ಓದಾಗ್ಲೂ ಸರದಿ ಕೇಳಾಕೆ ಸಂಘದ ತಾವ್ಕೆ ವಾಪಸ್ ಓಯ್ತಿದ್ನಾ? ಮಂಡಿ ಅತ್ತಾಗಿರ್ಲಿ, ಕಾಲೇ ಇರ್ತಿರ್ನಿಲ್ಲ."

ಅನುಮಾನ ಖಾತರಿ ಮಾಡಿಕೊಳ್ಳಲು ಅಪ್ಪ-ತಾತಂದಿರನ್ನು ತೆಗೆದುಹಾಕಿ ತೆರೆದೆ. ಪುಟ ಚಕ್ಕನೆ ಬಂತು. ಸಾಕು, ಹೀಗೇ ಇರಲಿ ಎಂದು ಆಸೆಯಾಯಿತು. ಹೆಸರುಗಳನ್ನು ಓದಿ ಹೇಳಿದೆ.

"ಒಂದೇ ಎಸ್ರಿನೋರು ಐದ್ ಜನ ಅವ್ರೆ," ಎಂದರು ನೀರುಗಂಟಿ. "ಯಾರ್ ಗದ್ದೆಗ್ ನೀರ್ ತಿರುಗ್ಸಾನ? ಐದ್ ಜನಾನೂ ಗುದ್ಲಿ ಇಡ್ಕಂಡ್ ಬಂದು ನಿಂತ್ಕತಾರೆ."

ಒಳಗಿನಿಂದ ಅಜ್ಜಿ ಕೂಗಿದಳು. "ತಾತನ್ ಎಸ್ರು ತೆಗುದ್ಬುಟ್ಟೇನೇ? ನಾಳೀಕೆ ನಿನ್ನೂ ಯಾರ್ ಮೊಮ್ಮಗ್ಳು ಅಂತ ಕೇಳ್ತಾರೆ, ನೋಡ್ಕೊ!"

ತಾತಂದಿರನ್ನು ವಾಪಸು ತಂದೆ. ಆದರೆ ಒಬ್ಬೊಬ್ಬರನ್ನಾಗಿ ಅಲ್ಲ. ಊರಿನ ಜನರನ್ನೆಲ್ಲ ಒಂದೇ ಸಲ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡು, ಯಾರಿಗೆ ಯಾರು ಎಂದು ಅಲ್ಲೇ ಜೋಡಿಸುವಂತೆ ತಿದ್ದಿದೆ. ಊಟದ ಹೊತ್ತಿಗೆ ಮುಗಿಯಿತು. ಮತ್ತೆ ತೆರೆದಾಗ ನೀರುಗಂಟಿ ಸುಣ್ಣದ ಡಬ್ಬಿಯ ಮುಚ್ಚಳ ಬಿಚ್ಚುತ್ತಿದ್ದರು. ಬಿಚ್ಚುವ ಮೊದಲೇ ಪಟ್ಟಿ ಬಂತು, ತಾತಂದಿರ ಸಮೇತ.

ಭಾನುವಾರ ಅಧ್ಯಕ್ಷರು ಮೂರು ಸಲ ಮುಚ್ಚಿಸಿ ತೆಗೆಸಿದರು. ಮೂರನೆಯ ಸಲ ತಮ್ಮ ತಾತನ ಹೆಸರು ಸರಿಯಾಗಿದೆಯೇ ನೋಡಿಕೊಂಡು, "ಸರಿ ಬುಡು, ನೀರ್ಗಂಟೀನ ನಡ್ಸಾದ್ ಬ್ಯಾಡ," ಎಂದರು.

ಕಡೇ ಕೊಪ್ಪಲಿನಲ್ಲಿ ಒಂದು ಮನೆಗೆ ಫೋನಿಲ್ಲ. ನೀರು ಬಿಟ್ಟ ದಿನ ನೀರುಗಂಟಿ ಆ ಒಂದು ಮನೆಗೆ ಮಾತ್ರ ಹೋಗಿ ಹೇಳಿ, ಮಜ್ಜಿಗೆ ಕುಡಿದು, ಬಿಸಿಲೇರುವ ಮೊದಲೇ ತೂಬಿನ ಹತ್ತಿರ ಕಾಲು ಚಾಚಿ ಕೂತಿದ್ದರು.